ಪುಟ್ಟಿಗೋಸ್ಕರ ಮಾವುತ ಕಫ ಪರೀಕ್ಷೆ ಮಾಡಿಸಿದ್ದು

"ಕೆಮ್ಮಿಗೆಲ್ಲ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾ ಕೂತರೆ ಮರ ಎಳೆಯೋರು ಯಾರು?"

ಮಾವುತ ಇದೇ ಮಾತು ಹೇಳ್ತಾ ಮೂರು ವಾರ ತಳ್ಳಿದ. ಮೊದಲ ವಾರ ತಪ್ಪೆಲ್ಲ ಮರದ ಪುಡಿಯದ್ದು. ಎರಡನೇ ವಾರ ಹವಾ ಬದಲಾವಣೆಯದ್ದು. ಮೂರನೇ ವಾರ ಹೆಂಡತಿ ಬಾಯಿ ತೆರೆಯೋ ಮುಂಚೆಯೇ, "ಏನಿಲ್ಲ, ಬಿಡೇ" ಅಂತಿದ್ದ. ಆದರೆ ಅಂಗಿ ಸುಳ್ಳು ಹೇಳುತ್ತದೆಯೇ? ಗೂಟಕ್ಕೆ ನೇತುಹಾಕಿದ ಹಾಗೆ ಮೈಮೇಲೆ ಜೋಲಾಡುತ್ತಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು.

ಅವನು ನದಿದಂಡೆಯ ಮರದ ಡಿಪೋದಲ್ಲಿ ಆನೆ ನಡೆಸುತ್ತಿದ್ದ. ಆನೆ ಹೆಸರು ಪುಟ್ಟಿ. ಅವನು ಹತ್ತು ವರ್ಷದವನಿದ್ದಾಗ ಅಪ್ಪ ಅದನ್ನು ತಂದು ಅವನ ಕೈಗೆ ಹಗ್ಗ ಕೊಟ್ಟಿದ್ದ. ಆಗ ಅದು ಅವನ ಎದೆಮಟ್ಟಕ್ಕೆ ಬರುತ್ತಿತ್ತು, ಪುಟ್ಟಿ ಅಂತ ಕರೆದ. ನಲವತ್ತೆರಡು ವರ್ಷದಲ್ಲಿ ಪುಟ್ಟಿ ಡಿಪೋ ಗೇಟಿನಷ್ಟು ಎತ್ತರ ಬೆಳೆದಳು, ಹೆಸರು ಮಾತ್ರ ಬೆಳೆಯಲಿಲ್ಲ. ಒಂದು ಸಲ ದಿಮ್ಮಿಗಳ ರಾಶಿ ಜಾರಿ ಮಾವುತನ ಮೇಲೆ ಉರುಳುವುದರಲ್ಲಿತ್ತು. ಪುಟ್ಟಿ ಮುಂಗಾಲು ಅಡ್ಡ ಕೊಟ್ಟು ತಡೆದಳು. ಕಾಲ ಮೇಲಿನ ಆ ಗಾಯದ ಗೆರೆಯನ್ನು ಅವನು ಯಾರು ಬಂದರೂ ತೋರಿಸುತ್ತಿದ್ದ, ಮಕ್ಕಳ ಬಹುಮಾನ ತೋರಿಸಿದ ಹಾಗೆ.

ಬೆಳಗಾದರೆ ಇಬ್ಬರದ್ದೂ ಒಂದೇ ರೂಢಿ. ಪುಟ್ಟಿ ಸೊಂಡಿಲ ತುದಿಯನ್ನು ಅವನ ಮುಖಕ್ಕೆ ತರಬೇಕು. ಅವನು ಅದರೊಳಗೆ ಉಫ್ ಅಂತ ಊದಬೇಕು. ಪುಟ್ಟಿ ಆ ಉಸಿರನ್ನು ಎಳೆದುಕೊಂಡು ಕಿವಿ ಬಡಿಯಬೇಕು. ಆಮೇಲೆಯೇ ಕೆಲಸ.

ಆವತ್ತೂ ಹಾಗೇ ಊದುತ್ತಿದ್ದಾಗ ಗೇಟಿನ ಹತ್ತಿರದಿಂದ ಒಂದು ಕೂಗು ಬಂತು.

"ಅಣ್ಣಾ, ನಿಲ್ಲಿಸಿ! ಮೊದಲು ಆ ಸೊಂಡಿಲು ಬಿಡಿ!"

ಬಂದವಳು ಆರೋಗ್ಯ ಕಾರ್ಯಕರ್ತೆ. ಹೆಗಲ ಮೇಲೆ ಯಾವಾಗಲೂ ಒಂದು ದೊಡ್ಡ ಚೀಲ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಚೀಲದಕ್ಕ. ಮಾವುತನ ಹೆಂಡತಿಯೇ ಹೇಳಿಕಳಿಸಿದ್ದಳು.

"ಎಷ್ಟು ದಿನದಿಂದ ಕೆಮ್ಮು?"

"ಅಯ್ಯೋ, ಧೂಳಿನ ಕೆಮ್ಮಕ್ಕಾ. ನಾಳೆ ಹೋಗತ್ತೆ."

"ಮೂರು ವಾರದಿಂದ ನಾಳೆ ಹೋಗ್ತಾನೇ ಇದೆಯಂತೆ! ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯ ಇರಬಹುದು. ಅದೇ, ಟಿಬಿ."

ಮಾವುತನ ಮುಖ ಕೆಂಪಾಯಿತು. "ಬಿಡ್ತು ಅನ್ನಿ! ನಾಲ್ಕು ಜನ ಕೇಳಿಸಿಕೊಂಡರೆ ನನ್ನ ಮನೆ ಬಾಗಿಲಿಗೆ ಯಾರು ಬರ್ತಾರೆ? ಇದ್ದರೂ ನನಗೆ ತಾನೇ? ನನ್ನ ಜೀವ, ನನ್ನ ಪಾಡು."

ಚೀಲದಕ್ಕ ಪುಟ್ಟಿಯ ಕಡೆ ಕೈ ಮಾಡಿದಳು. "ಅವಳ ಪಾಡು? ಮನುಷ್ಯರ ಟಿಬಿ ಆನೆಗೂ ಅಂಟುತ್ತೆ ಅಣ್ಣ. ಕೆಮ್ಮಿದ ಗಾಳಿಯಿಂದಲೇ ಅಂಟೋದು. ನೀವೋ, ದಿನಾ ಬೆಳಿಗ್ಗೆ ನೇರ ಅವಳ ಮೂಗಿಗೇ ಊದ್ತಾ ಇದ್ದೀರಿ."

ಮಾವುತ ನಗಲು ಹೋದ, ನಗು ಬರಲಿಲ್ಲ. ಪುಟ್ಟಿಯ ಸೊಂಡಿಲು ಇನ್ನೂ ಅವನ ಭುಜದ ಮೇಲೇ ಇತ್ತು. ಬಿಸಿ ಮುಟ್ಟಿದವನಂತೆ ಎರಡು ಹೆಜ್ಜೆ ಹಿಂದೆ ಸರಿದ. ಪುಟ್ಟಿ ತಾನೂ ಎರಡು ಹೆಜ್ಜೆ ಮುಂದೆ ಬಂದಳು.

"ಎಲ್ಲಿದೆ ಆ ಡಬ್ಬಿ? ಕಫ ಹಾಕೋದು? ಈಗಲೇ ಕೊಡಿ!" ಅಂದ.

ಎರಡನೇ ದಿನ ಫಲಿತಾಂಶ ಬಂತು. ಟಿಬಿಯೇ. ವೈದ್ಯರು ಇನ್ನೂ ಮಾತು ಮುಗಿಸಿರಲಿಲ್ಲ, ಮಾವುತ ನಡುವೆಯೇ ಕೇಳಿದ, "ಪುಟ್ಟಿಗೆ?"

"ಅವಳನ್ನೂ ಪರೀಕ್ಷೆ ಮಾಡಿಸೋಣ. ನಿಮ್ಮದು ಪೂರ್ತಿ ವಾಸಿಯಾಗೋ ಕಾಯಿಲೆ. ಆರು ತಿಂಗಳು, ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು. ನಾನು ಹೇಳೋವರೆಗೂ ಬಾಯಿಗೆ ಮಾಸ್ಕ್, ಮನೆ ಕಿಟಕಿ ಬಾಗಿಲು ತೆರೆದಿರಲಿ, ಆನೆ ಹತ್ತಿರ ಹೋಗಬೇಡಿ."

ಹೆಂಡತಿಗೂ ಮಗಳಿಗೂ ಪರೀಕ್ಷೆಯಾಯಿತು. ಇಬ್ಬರಿಗೂ ಏನೂ ಇರಲಿಲ್ಲ. ಮಗಳು ಅದೇ ಡಿಪೋದಲ್ಲಿ ಟ್ರ್ಯಾಕ್ಟರ್ ಓಡಿಸುವವಳು, ಗಟ್ಟಿಗಿತ್ತಿ. "ಪುಟ್ಟಿಯನ್ನ ನಾನು ನೋಡ್ಕೋತೀನಿ ಅಪ್ಪಾ" ಅಂದಳು.

"ಅದು ಟ್ರ್ಯಾಕ್ಟರ್ ಅಲ್ಲ ಕಣಮ್ಮ. ಅದಕ್ಕೆ ಬ್ರೇಕ್ ಇಲ್ಲ."

"ನಿನಗೂ ಇಲ್ಲ. ಆದರೂ ಅಮ್ಮ ನಡೆಸ್ತಾ ಇಲ್ವಾ?"

ಮೂರು ದಿನ ಪುಟ್ಟಿ ಸುಮ್ಮನಿದ್ದಳು. ಹುಲ್ಲು ಮುಟ್ಟಲಿಲ್ಲ, ಗೇಟಿನ ಕಡೆಯೇ ನೋಡುತ್ತಿದ್ದಳು. ನಾಲ್ಕನೇ ದಿನ ನಡುಮಧ್ಯಾಹ್ನ ಕಾಲಿನ ಸರಪಳಿ ಕಿತ್ತುಕೊಂಡು ಹೊರಟೇಬಿಟ್ಟಳು!

ಬೀದಿಯೆಲ್ಲ ಒಂದೇ ಗದ್ದಲ. ತರಕಾರಿ ಗಾಡಿಯವನು ಗಾಡಿ ಬಿಟ್ಟು ಓಡಿದ. ಅರ್ಧ ಕ್ಷೌರವಾದವನೊಬ್ಬ ಕುರ್ಚಿಯಿಂದ ಜಿಗಿದು ಸಾಬೂನಿನ ನೊರೆ ಸಮೇತ ಚರಂಡಿ ದಾಟಿದ. ಪುಟ್ಟಿ ಯಾರನ್ನೂ ಮುಟ್ಟಲಿಲ್ಲ, ಒಂದು ಟೊಮೆಟೊ ಸಹ ತುಳಿಯಲಿಲ್ಲ. ನೆಟ್ಟಗೆ ಮಾವುತನ ಮನೆಗೆ ಬಂದು ತೆರೆದ ಕಿಟಕಿಯಲ್ಲಿ ಸೊಂಡಿಲು ತೂರಿಸಿದಳು.

ಒಳಗೆ ಮಾವುತ ಒಬ್ಬನೇ. ಮಾಸ್ಕ್ ಒತ್ತಿ ಹಿಡಿದು ಹಿಂದಿನ ಗೋಡೆಗೆ ಅಂಟಿ ನಿಂತ. ಸೊಂಡಿಲು ಮಂಚ ತಡವಿತು, ಅವನ ಚಪ್ಪಲಿ ಮೂಸಿತು, ಗೋಡೆ ಹಿಡಿದು ಅವನತ್ತಲೇ ಬಂತು. ಇನ್ನೊಂದು ಮೊಳ ಬಂದರೆ ಅವನ ಮುಖ. ಅವನ ಕೈ ತಾನಾಗಿ ಮೇಲೆದ್ದಿತು, ಒಂದೇ ಒಂದು ಸಲ ಸವರೋಣ ಅಂತ. ಅಷ್ಟರಲ್ಲಿ ಗಂಟಲಲ್ಲಿ ಕೆಮ್ಮು ಕೆರೆಯಿತು.

"ಹಿಂದೆ!" ಅಂತ ಗದರಿದ. "ಪುಟ್ಟೀ, ಹಿಂದೆ ಹೋಗು!"

ನಲವತ್ತೆರಡು ವರ್ಷದಲ್ಲಿ ಅವನು ಅವಳಿಗೆ ಅಂಥ ದನಿ ತೋರಿಸಿರಲಿಲ್ಲ. ಸೊಂಡಿಲು ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು ಕಿಟಕಿಯಾಚೆ ಹೋಯಿತು. ಮಾವುತ ಬಾಯಿಗೆ ಟವೆಲ್ ಒತ್ತಿಕೊಂಡು ಕೆಮ್ಮಿದ. ಕೆಮ್ಮು ನಿಂತ ಮೇಲೂ ಕಣ್ಣಿನ ನೀರು ನಿಲ್ಲಲಿಲ್ಲ.

ಅಷ್ಟರಲ್ಲಿ ಮಗಳು ಏದುಸಿರು ಬಿಡುತ್ತಾ ಓಡಿಬಂದಳು. ಬೆನ್ನಿಗೇ ಚೀಲದಕ್ಕ. "ಅಣ್ಣಾ, ಹಿಂಬಾಗಿಲಿಂದ ಬಯಲಿಗೆ ಬನ್ನಿ! ದೂರ ನಿಂತು ಮಾತಾಡಿಸಿ. ಬಯಲು, ಮಾಸ್ಕ್, ದೂರ, ಮೂರೂ ಇದ್ದರೆ ಭಯ ಇಲ್ಲ. ನೀವಿದ್ದೀರಿ ಅಂತ ಅವಳಿಗೆ ಗೊತ್ತಾಗಲಿ."

ಮಾವುತ ಐವತ್ತು ಹೆಜ್ಜೆ ಆಚೆ ನಿಂತು ಕೂಗಿದ, "ಪುಟ್ಟೀ, ಇಲ್ಲೇ ಇದ್ದೀನಿ ಕಣೇ! ನಿಂತಲ್ಲೇ ನಿಲ್ಲು!" ಪುಟ್ಟಿ ನಿಂತಳು. "ಮಗಳ ಜೊತೆ ಹೋಗು, ಹುಲ್ಲು ತಿನ್ನು!" ಪುಟ್ಟಿ ಕಿವಿ ಬಡಿದಳು. ಹೋಗುವಾಗ ತಿರುಗಿ ತಿರುಗಿ ನೋಡಿದಳು, ಆದರೆ ಹೋದಳು. ಆವತ್ತು ಸಂಜೆ ಒಂದು ಗಾಡಿ ಹುಲ್ಲು ಖಾಲಿ!

ಮುಂದಿನ ವಾರ ಆನೆ ಡಾಕ್ಟ್ರು ಬಂದರು. ಆನೆಗೆ ಕಫ ಉಗಿ ಅನ್ನೋಕಾಗತ್ತಾ? ಸೊಂಡಿಲೊಳಗೆ ಸ್ವಲ್ಪ ಉಪ್ಪುನೀರು ಹಾಕಬೇಕು, ಸೊಂಡಿಲು ಮೇಲೆತ್ತಿಸಬೇಕು, ಆಮೇಲೆ ಒಂದು ಚೀಲದೊಳಗೆ ಜೋರಾಗಿ ಊದಿಸಬೇಕು. ಹೀಗೆ ಮೂರು ದಿನ.

ಮೊದಲ ಸಲ ಪುಟ್ಟಿ ನೀರನ್ನೆಲ್ಲ ಡಾಕ್ಟ್ರ ಮೇಲೇ ಚಿಮ್ಮಿಸಿದಳು. ಎರಡನೇ ಸಲ ಚೀಲವನ್ನೇ ಕಿತ್ತು ಛಾವಣಿ ಮೇಲೆ ಎಸೆದಳು. ಡಾಕ್ಟ್ರು ಕನ್ನಡಕ ಒರೆಸಿಕೊಂಡು, "ಇವಳು ಯಾರ ಮಾತು ಕೇಳ್ತಾಳೆ?" ಅಂದರು.

"ಒಬ್ಬರದ್ದೇ" ಅಂದಳು ಮಗಳು. ತಕ್ಷಣ ಏನೋ ಹೊಳೆದು ಟ್ರ್ಯಾಕ್ಟರ್ ಹತ್ತಿದಳು. ಡಿಪೋ ಕಚೇರಿಯ ಮೈಕನ್ನು ಅಂಗಳದ ಆಚೆ ತುದಿಗೆ ಒಯ್ದು, ಅಲ್ಲಿ ಮಾಸ್ಕ್ ಹಾಕಿಕೊಂಡು ದೂರದಿಂದಲೇ ನೋಡುತ್ತಾ ನಿಂತಿದ್ದ ಅಪ್ಪನ ಕೈಗೆ ಕೊಟ್ಟಳು. ಮರುಕ್ಷಣ ಧ್ವನಿವರ್ಧಕ ಗುಡುಗಿತು.

"ಪುಟ್ಟೀ! ಡಾಕ್ಟ್ರಿಗೆ ತರಲೆ ಮಾಡ್ತೀಯಾ?"

ಪುಟ್ಟಿ ಸೆಟೆದು ನಿಂತಳು.

"ಸೊಂಡಿಲು ಕೊಡು!" ಕೊಟ್ಟಳು. ಡಾಕ್ಟ್ರು ನೀರು ಹಾಕಿದರು. "ಮೇಲೆತ್ತು! ಇನ್ನೂ! ಬಿಡಬೇಡ, ಬಿಡಬೇಡ…"

ಗರಗಸದವರು ಯಂತ್ರ ನಿಲ್ಲಿಸಿದರು. ದಿಮ್ಮಿ ಹೊರುವವರು ಹೊರೆ ಇಳಿಸಿದರು. ಇಡೀ ಡಿಪೋ ಉಸಿರು ಬಿಗಿಹಿಡಿಯಿತು.

"ಈಗ ಇಳಿಸು! ಊದು!"

"ಊದೇ ಪುಟ್ಟೀ!" ಎಲ್ಲರೂ ಒಟ್ಟಿಗೆ ಕೂಗಿದರು.

ಪುಟ್ಟಿ ಊದಿದ ರಭಸಕ್ಕೆ ಚೀಲ ಬಲೂನಿನಂತೆ ಉಬ್ಬಿತು, ಡಾಕ್ಟ್ರು ಕೂತಲ್ಲೇ ಹಿಂದಕ್ಕೆ ಬಿದ್ದರು. ಬಿದ್ದರೂ ಚೀಲ ಬಿಡಲಿಲ್ಲ! "ಸಿಕ್ತು! ಸಿಕ್ತು!" ಅಂತ ಮಲಗಿಕೊಂಡೇ ಕೂಗಿದರು.

ಆನೆಯ ಫಲಿತಾಂಶಕ್ಕೆ ಎರಡು ತಿಂಗಳು ಕಾಯಬೇಕಿತ್ತು. ಅಷ್ಟರಲ್ಲಿ ಮಾವುತನ ಕೆಮ್ಮು ನಿಂತಿತು, ಹಸಿವು ಕೆರಳಿತು, ಅಂಗಿಯ ಗುಂಡಿ ಬಿಗಿಯಾಯಿತು. ಒಂದು ಬೆಳಿಗ್ಗೆ ಮಾತ್ರೆಯನ್ನು ಕೈಯಲ್ಲಿ ಹಿಡಿದು, "ಚೆನ್ನಾಗೇ ಇದ್ದೀನಲ್ಲ, ಇನ್ಯಾಕೆ ಇದು?" ಅಂದ.

ಹೆಂಡತಿ ನೀರಿನ ಲೋಟ ಮುಂದೆ ಹಿಡಿದಳು. "ದಿಮ್ಮೀನ ಅರ್ಧ ದಾರಿಗೆ ಎಳೆದು ಇಳಿಜಾರಿನಲ್ಲಿ ಬಿಟ್ಟರೆ ಏನಾಗತ್ತೆ ರೀ?"

"ಉರುಳಿಕೊಂಡು ಬಂದು ನಮ್ಮ ಮೇಲೇ ಬೀಳತ್ತೆ."

"ಗೊತ್ತಲ್ಲ? ನುಂಗಿ."

ಚೀಲದಕ್ಕನೂ ಅದನ್ನೇ ಹೇಳಿದಳು. ನಡುವೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಗಟ್ಟಿಯಾಗಿ ತಿರುಗಿ ಬರಬಹುದು, ಆಗ ಈ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಮಾವುತ ಮತ್ತೆ ಆ ಮಾತೆತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಅವನ ಕಫ ಪರೀಕ್ಷೆ ಶುದ್ಧವಾಗಿ ಬಂತು. "ಇನ್ನು ಆನೆ ಹತ್ತಿರ ಹೋಗಬಹುದು. ಮಾತ್ರೆ ಮಾತ್ರ ಆರು ತಿಂಗಳೂ ನಡೀಲಿ" ಅಂದರು ವೈದ್ಯರು. ಅದೇ ವಾರ ಆನೆ ಡಾಕ್ಟ್ರು ಫೋನ್ ಮಾಡಿದರು. ಮೂರೂ ಚೀಲದಲ್ಲಿ ರೋಗಾಣು ಸಿಕ್ಕಿರಲಿಲ್ಲ. ಪ್ರತಿವರ್ಷ ಪರೀಕ್ಷೆ ಮಾಡಿಸ್ತಾ ಇರಿ ಅಂದರು.

ಮಾವುತ ಡಿಪೋ ಕಡೆ ನಡೆಯಲಿಲ್ಲ, ಓಡಿದ. ಐವತ್ತೆರಡರ ಗಂಡಸು, ಚಪ್ಪಲಿ ಒಂದು ಕಡೆ, ಅವನೊಂದು ಕಡೆ! ಗೇಟು ದಾಟಿದನೋ ಇಲ್ಲವೋ, ಪುಟ್ಟಿಯ ಘೀಳು ನದಿಯಾಚೆಗೂ ಕೇಳಿಸಿತು. ಅವನು ಬಂದು ಅವಳ ಕೆನ್ನೆಗೆ ಕೆನ್ನೆ ಒತ್ತಿದ. ಪುಟ್ಟಿ ಅವನ ತಲೆ, ಬೆನ್ನು, ಕೈ, ಬೆರಳು ಎಲ್ಲ ತಡವಿ ನೋಡಿದಳು, ದೂರದೂರಿಂದ ಬಂದ ಮಗನನ್ನು ಅಮ್ಮ ನೋಡುವ ಹಾಗೆ. ಹೊಟ್ಟೆಯೊಳಗಿಂದ ಗುರುಗುರು ಅಂತ ಸದ್ದು ಮಾಡುತ್ತಲೇ ಇದ್ದಳು. ಆಮೇಲೆ ಮಂಡಿ ಬಗ್ಗಿಸಿದಳು. ಮಾವುತ ಅವಳ ಕತ್ತಿನ ಮೇಲೆ ಹತ್ತಿ ಕೂತ.

ಮೇಲೆ ಕೂತವನ ಕಣ್ಣಿಗೆ ಇಡೀ ಡಿಪೋ ಕಂಡಿತು. ಗರಗಸದ ಹತ್ತಿರ ಒಬ್ಬ ಬಗ್ಗಿ ಕೆಮ್ಮುತ್ತಿದ್ದ.

"ಏಯ್ ಗರಗಸದಣ್ಣಾ! ಎಷ್ಟು ದಿನದಿಂದ?"

"ಏನಿಲ್ಲ ಮಾರಾಯ, ಧೂಳು!"

"ನಡೀ ಆಸ್ಪತ್ರೆಗೆ! ನೀನಾಗಿ ನಡೀತೀಯೋ, ಪುಟ್ಟಿ ಹತ್ರ ಎತ್ತಿಸಲೋ?"

ಗರಗಸದವನು ಪುಟ್ಟಿಯ ಸೊಂಡಿಲು ನೋಡಿದ, ಗೇಟಿನ ಹತ್ತಿರ ನಿಂತಿದ್ದ ಚೀಲದಕ್ಕನ ಚೀಲ ನೋಡಿದ, ಯಂತ್ರ ಆಫ್ ಮಾಡಿದ. ಆ ವಾರ ಡಿಪೋದ ಹನ್ನೊಂದು ಜನ ಪರೀಕ್ಷೆ ಮಾಡಿಸಿಕೊಂಡರು.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಇದೆಯಾ? ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿಯುತ್ತಿದೆಯಾ, ಕಫದಲ್ಲಿ ರಕ್ತವೇನಾದರೂ ಕಂಡಿತಾ? ಮುಚ್ಚಿಡಬೇಡಿ, ನಾಚಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಮನೆಯವರಿಗೂ ಮಾಡಿಸಿ. ಮಾತ್ರೆ ಶುರುವಾದರೆ ವೈದ್ಯರು ಸಾಕು ಅನ್ನುವವರೆಗೆ ಒಂದು ದಿನವೂ ಬಿಡಬೇಡಿ. ಆನೆ ಸಾಕುವವರೇ, ನಿಮ್ಮ ಪರೀಕ್ಷೆಯ ಜೊತೆಗೆ ಆನೆಯದ್ದೂ ಮಾಡಿಸಿ. ನಿಮ್ಮನ್ನು ನೆಚ್ಚಿಕೊಂಡ ಜೀವ ಮನೆಯಲ್ಲಿರಲಿ, ಕೊಟ್ಟಿಗೆಯಲ್ಲಿರಲಿ, ಅದಕ್ಕೆ ಬೇಕಾಗಿರುವುದು ಆರೋಗ್ಯವಾಗಿರುವ ನೀವು. ಇವತ್ತೇ ಹೊರಡಿ!