ಪನ್ಹಾಳಗಡಕ್ಕೆ ಕಟ್ಟಿದ ಬುತ್ತಿ

ಚಿಕ್ಕೋಡಿಯ ವಿರುಪಾಕ್ಷಪ್ಪನ ಮನೆಯಲ್ಲಿ ೧೯೮೮ರ ಆ ಡಿಸೆಂಬರ್ ತಿಂಗಳು ಪನ್ಹಾಳಗಡದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಆಡುವವಳು ಮಾತ್ರ ಒಬ್ಬಳೇ, ಅವನ ಮಗಳು ಕೆಂಪವ್ವ. ಹದಿನೈದು ವರ್ಷದ, ಹತ್ತನೆಯ ತರಗತಿಯ ಈ ಹುಡುಗಿ ನಿಪ್ಪಾಣಿಯನ್ನೂ ಸರಿಯಾಗಿ ಕಂಡವಳಲ್ಲ. ಆದರೆ ಕೊಲ್ಹಾಪುರದಾಚೆ ಬೆಟ್ಟದ ಮೇಲಿರುವ ಆ ಎಂಟುನೂರು ವರ್ಷದ ಕೋಟೆಗೆ ಯಾವ ಬಾಗಿಲಿನಿಂದ ಹೋಗಬೇಕು, ಎಲ್ಲಿ ಕೂತು ಉಣ್ಣಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಭೂಗೋಳದ ವಹಿಯ ಹಿಂದಿನ ಪುಟಗಳಲ್ಲಿ ದಾರಿಯ ನಕಾಶೆ ಬರೆದು, ಅದರ ಕೆಳಗೆ ಯಾರ ಕೆಲಸ ಏನು ಎಂದು ಪಟ್ಟಿ ಮಾಡಿದ್ದಳು.

'ಬೆಳಿಗ್ಗೆ ಆರಕ್ಕೆ ಹೊರಡುವುದು. ಜೀಪು: ಭಾವುಮಾಮಾ. ನೀರಿನ ಕೊಡ: ಅಪ್ಪ. ಬುತ್ತಿ: ಅವ್ವ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ಮೆಟ್ಟಿಲು ಹತ್ತುವಾಗ ಅವ್ವನ ಕೈ ಹಿಡಿಯುವುದು: ಮಾಮಾ, ಅವಳಿಗೆ ಮೊಣಕಾಲು ನೋವು.'

ಭಾವುಸಾಹೇಬ ಅವಳ ತಾಯಿ ಚನ್ನವ್ವನ ತಮ್ಮ. ಇಪ್ಪತ್ತೆಂಟು ವರ್ಷ, ಯಡೂರಿನ ಸಮೀಪ ಹೊಳೆದಂಡೆಯಲ್ಲಿ ಕಬ್ಬಿನ ಹೊಲ. ಕೆಂಪವ್ವನನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದವನು. ದೀಪಾವಳಿಗೆ ಬಂದಾಗ ಗಡ ತೋರಿಸುತ್ತೇನೆಂದು ಮಾತು ಕೊಟ್ಟವನೂ ಅವನೇ.

"ಶಿವಾಜಿ ಮಹಾರಾಜರೂ ಇಷ್ಟ ತಯಾರಿ ಮಾಡಿರಲಿಕ್ಕಿಲ್ಲ ನೋಡು," ಎಂದು ವಿರುಪಾಕ್ಷಪ್ಪ ಮಗಳನ್ನು ಚೇಷ್ಟೆ ಮಾಡಿ ನಗುತ್ತಿದ್ದ. ಹೊಟ್ಟೆಯಲ್ಲಿ ಅಂಥದೊಂದು ಗುಟ್ಟು ಇಟ್ಟುಕೊಂಡು ಅವನಿಗೆ ಆ ನಗೆ ಹೇಗೆ ಬರುತ್ತಿತ್ತೋ, ದೇವರೇ ಬಲ್ಲ.

ಹೊರಡುವ ಭಾನುವಾರ ಚನ್ನವ್ವ ಮಗಳಿಗೆ ಬಿಗಿಯಾಗಿ ಜಡೆ ಹೆಣೆದು ಹೂ ಮುಡಿಸಿದಳು, ಉಡಲು ರೇಷ್ಮೆಯ ಪರಕಾರ ತೆಗೆದುಕೊಟ್ಟಳು.

"ಗುಡ್ಡಾ ಹತ್ತಾಕ ರೇಶಿಮಿ ಯಾಕಬೇ?"

"ಹೊರಗಿನ ಮಂದಿ ಬಂದಿರತಾರ. ಸುಮ್ನ ಉಟಗೋ."

ಮಾಮಾನ ಜೀಪನ್ನು ಅವನ ಆಳು ಓಡಿಸಿಕೊಂಡು ಬಂದ, ಮಾಮಾ ಬರಲಿಲ್ಲ. ದಾರಿಯಲ್ಲಿ ಸಿಗುತ್ತಾನೆ ಎಂದ ವಿರುಪಾಕ್ಷಪ್ಪ. ಬುತ್ತಿಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದು ಕೆಂಪವ್ವ ಕೈಚಾಚಿದರೆ, ಚನ್ನವ್ವ ಅದನ್ನು ತನ್ನ ಪಕ್ಕಕ್ಕೇ ಎಳೆದುಕೊಂಡಳು. ಬುಟ್ಟಿಯ ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು.

ಊರು ದಾಟುವಾಗ ಜೀಪು ನಿಪ್ಪಾಣಿ ರಸ್ತೆ ಬಿಟ್ಟು ಆಚೆ ಹೊರಳಿತು. ನಕಾಶೆ ಬರೆದವಳಿಗೆ ತಿಳಿಯದೆ ಇರುತ್ತದೆಯೇ?

"ಅಪ್ಪಾ, ರಸ್ತಾ ತಪ್ಪೇತಿ. ಇದು ಅಂಕಲಿ ರಸ್ತಾ."

"ಆಯಿನೂ ಕರಕೊಂಡ ಹೋಗೂಣು," ಎಂದ ವಿರುಪಾಕ್ಷಪ್ಪ, ಹೊರಗೆ ನೋಡುತ್ತ.

ಯಡೂರಿನ ಅಜ್ಜಿಯೂ ಬರುತ್ತಾಳೆಂದು ಕೆಂಪವ್ವ ಹಿಗ್ಗಿದಳು. ಕುಲುಕುವ ಜೀಪಿನಲ್ಲೇ ವಹಿ ತೆಗೆದು, ಪಟ್ಟಿಯ ಕೊನೆಗೆ 'ಆಯಿ' ಎಂದು ಪೆನ್ಸಿಲಿನಿಂದ ಸೇರಿಸಿದಳು.

ಆಯಿಯ ಮನೆಯ ಮುಂದೆ ಹಂದರ ಹಾಕಿತ್ತು. ಜಮಖಾನೆಯ ಮೇಲೆ ಬೀಗರು ಕೂತಿದ್ದರು. ಒಳಗೆ ಚನ್ನವ್ವ ಬುಟ್ಟಿಯ ಅರಿವೆ ಬಿಚ್ಚಿದಳು. ಅದರಲ್ಲಿದ್ದದ್ದು ಹಸಿರು ಸೀರೆ, ಹಸಿರು ಬಳೆ, ತೆಂಗಿನಕಾಯಿ ಮತ್ತು ಸಕ್ಕರೆಯ ಪೊಟ್ಟಣ.

"ಬುತ್ತಿ ಎಲ್ಲೈತಿ?" ಎಂದಳು ಕೆಂಪವ್ವ. ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಚನ್ನವ್ವ ತಲೆ ಎತ್ತಲಿಲ್ಲ. ಉತ್ತರ ಕೊಟ್ಟವಳು ಅಜ್ಜಿ ಅಕ್ಕವ್ವ. "ಇವತ್ತ ನಿನ್ನ ಸಾಕರಪುಡಾ, ನನ್ನವ್ವ. ಭಾವೂಗ ನಿನ್ನ ಗೊತ್ತ ಮಾಡೇವಿ. ಮಾಘದಾಗ ಲಗ್ನ."

"ಮುಂದ ಮಾರ್ಚಿನಾಗ ನನ್ನ ಪರೀಕ್ಷೆ ಐತಿ!"

"ಪರೀಕ್ಷೆ ಎಲ್ಲಿಗೂ ಓಡಿ ಹೋಗಂಗಿಲ್ಲ. ಸ್ವಾದರಮಾವನ ಮನಿ ಅಂದ್ರ ತವರಮನಿ ಇದ್ದಂಗ. ಗುರುತಿಲ್ಲದವರ ಮನ್ಯಾಗ ಬೈಸಿಕೊಂಡ ಅಳೂದಕ್ಕಿಂತ, ನನ್ನ ಕಣ್ಣಮುಂದ ಉಂಡ ಉಟ್ಟ ಇರತಿ. ನಾ ಏನ ನಿನಗ ಕೆಟ್ಟದ್ದ ಬಯಸ್ತೇನೇನ?"

ಮುದುಕಿಯ ಮಾತಿನಲ್ಲಿ ಕಪಟ ಇರಲಿಲ್ಲ. ಮೊಮ್ಮಗಳ ಮೇಲೆ ಜೀವ ಇಟ್ಟುಕೊಂಡೇ ಆಡಿದ ಮಾತು. ಆದರೆ ಆ ಮೊಮ್ಮಗಳನ್ನೇ ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಅವ್ವಾ, ಖರೇ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಜೀಪ ಹತ್ತತಿದ್ದಿಲ್ಲ," ಎಂದಳು ಚನ್ನವ್ವ ಸಣ್ಣ ದನಿಯಲ್ಲಿ.

ಕೆಂಪವ್ವನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಗಡ ತಪ್ಪಿದ್ದು ದೊಡ್ಡದಲ್ಲ. ಒಂದು ತಿಂಗಳು ತಾನು ಕುಣಿದಾಡಿ ಮಾಡಿದ ಪಟ್ಟಿಯನ್ನೇ ಇವರು ತನಗೆ ಬಲೆಯಾಗಿ ಹಾಕಿದರಲ್ಲ! ಆರಕ್ಕೆ ಏಳಿಸಿದರು, ಜೀಪು ತರಿಸಿದರು, ಬುಟ್ಟಿಯನ್ನೂ ಹೊತ್ತು ತಂದರು. ಹಡೆದವರೇ ಹೀಗೆ ಮೋಸ ಮಾಡಿದರೆ ಇನ್ನು ಯಾರನ್ನು ನಂಬುವುದು?

ಅವಳು ಸೀದಾ ಪಡಸಾಲೆಗೆ ನಡೆದಳು. ಹೊಸ ಧೋತರ, ಟೊಪ್ಪಿಗೆ ಹಾಕಿಕೊಂಡು ಕೂತಿದ್ದ ಭಾವುಸಾಹೇಬನ ಕೈಯಲ್ಲಿ ವಹಿ ಇಟ್ಟಳು.

"ಮಾಮಾ, ಈ ಮೋಸದಾಗ ನೀನೂ ಕೂಡಿದ್ದೇನ?"

"ಎಂಥಾ ಮೋಸ? ನೀ ಹೂಂ ಅಂದಿ ಅಂತ ಅಕ್ಕ ಹೇಳಿ ಕಳಿಸಿದ್ಲಲ್ಲ?"

"ನನಗ ಗಡಕ್ಕ ಹೋಗೂಣು ಅಂತ ಹೇಳಿ ಕರಕೊಂಡ ಬಂದಾರ."

ಭಾವುಸಾಹೇಬ ಪಟ್ಟಿ ಓದಿದ. ಅಕ್ಕನ ಕೈ ಹಿಡಿಯುವ ಸಾಲಿಗೆ ಬಂದಾಗ ಅವನ ಮುಖ ಕಪ್ಪಿಟ್ಟಿತು.

"ಅಕ್ಕ ಹೇಳಿದ್ಲು, ನಾ ನಂಬಿದೆ."

"ದೀಪಾವಳಿಗೆ ನಾಕ ದಿನ ನಮ್ಮ ಮನ್ಯಾಗ ಇದ್ದಿ. ನನ್ನ ಒಂದ ಮಾತ ಕೇಳಾಕ ನಿನಗ ಆಗಲಿಲ್ಲ?"

ಅಷ್ಟರಲ್ಲಿ ಹಿರಿಯರೊಬ್ಬರು ಸಕ್ಕರೆಯ ಪೊಟ್ಟಣ ಹಿಡಿದು ಹೆಣ್ಣನ್ನು ಕರೆತರಲು ಕೂಗಿದರು. ಭಾವುಸಾಹೇಬ ಎದ್ದು ನಿಂತು ತಲೆಯ ಟೊಪ್ಪಿಗೆ ತೆಗೆದ.

"ತಪ್ಪ ತಿಳೀಬ್ಯಾಡ್ರಿ. ಈ ಹುಡುಗಿ ಗಡಾ ನೋಡಾಕ ಮನಿ ಬಿಟ್ಟಾಕಿ, ಲಗ್ನಕ್ಕಲ್ಲ. ಇದು ಆಗಂಗಿಲ್ಲ."

"ಮಂದಿ ಮುಂದ ನನ್ನ ಮಾನ ತಗೀತಿ ಏನೋ!" ಎಂದು ಅಕ್ಕವ್ವ ಹಣೆ ಬಡಿದುಕೊಂಡಳು.

"ಸುಳ್ಳ ಹೇಳಿ ಕೂಸಿನ್ನ ತರಿಸಿದಾಗನ ಅದು ಹೋಗೇತಿ, ಅವ್ವಾ."

ಅವನು ಜೀಪಿನ ಕೀಲಿ ತೆಗೆದುಕೊಂಡ. "ನಡಿ ಕೆಂಪಿ, ಈಗ ಹೊಂಟ್ರೂ ಸಂಜೀಮುಂದ ಗಡಾ ನೋಡಬಹುದು."

"ಬ್ಯಾಡ," ಎಂದಳು ಕೆಂಪವ್ವ. "ಮನಿಗೆ ಬಿಡು."

ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. ಶಾಲೆಗೆ ಹೋದಳು, ಓದಿದಳು, ತಾನೇ ಬಡಿಸಿಕೊಂಡು ಉಂಡಳು. ಆದರೆ ಚನ್ನವ್ವ ಪೇಟೆಗೆ ಕರೆದರೂ, "ಖರೇನ ಪೇಟಿಗೇನ?" ಎಂದು ಕೇಳುವಳು. ಹಿಟ್ಟಿನ ಗಿರಣಿಗೆ ಕರೆದರೂ ಅದೇ ಪ್ರಶ್ನೆ. ಆ ಪ್ರಶ್ನೆ ಕೇಳಿದಾಗಲೆಲ್ಲ ಚನ್ನವ್ವನಿಗೆ ತನ್ನದೇ ಹಳೆಯ ದಿನವೊಂದು ನೆನಪಾಗುತ್ತಿತ್ತು. ಅವಳಿಗೂ ಹದಿನಾಲ್ಕು ವರ್ಷವಾಗಿದ್ದಾಗ, ಕೊಕಟನೂರಿನ ಎಲ್ಲಮ್ಮನ ಗುಡಿಗೆ ಹೋಗೋಣ ಎಂದು ಹೇಳಿಯೇ ಗಂಡಿನವರ ಮುಂದೆ ಕೂರಿಸಿದ್ದರು. ಅಂದು ನುಂಗಿಕೊಂಡ ಅಳುವನ್ನು ಅವಳು ಮರೆತೇ ಬಿಟ್ಟಿದ್ದಳು. ಮರೆತಿದ್ದರಿಂದಲೇ ಮಗಳಿಗೂ ಅದನ್ನೇ ಮಾಡಿದ್ದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಮರುದಿನ ನಸುಕಿನಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಂಪವ್ವನಿಗೆ ಎಚ್ಚರವಾಯಿತು.

"ಗಡಕ್ಕ ಹೋಗೂಣೇಳು," ಎಂದಳು ಚನ್ನವ್ವ. "ನಾವಿಬ್ಬರ. ಬಸ್ಸಿಗೆ. ಮಾಮಾ ಬರಲೇನು ಅಂತ ಹೇಳಿ ಕಳಿಸ್ಯಾನ, ನೀ ಕರದ್ರ ಅಷ್ಟ ಬರತಾನಂತ."

ಕೆಂಪವ್ವ ಕರೆಯಲಿಲ್ಲ. ಹಳೆಯ ಪರಕಾರ ಉಟ್ಟಳು, ವಹಿ ತೆಗೆದುಕೊಂಡಳು.

ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಕೊಲ್ಹಾಪುರದ ಬಸ್ಸು ನಿಂತಿತ್ತು. ಕೆಂಪವ್ವ ಫಲಕ ಓದಿದಳು. ಸಾಲದೆಂದು ಕಂಡಕ್ಟರನನ್ನೂ ಕೇಳಿದಳು. ಹತ್ತುವ ಮೊದಲು ಚನ್ನವ್ವ ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ, ಮಗಳು ಕೇಳದಿದ್ದರೂ ಬಿಳಿ ಅರಿವೆ ಬಿಚ್ಚಿದಳು. ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿದಳು. ಚಟ್ನಿಯ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಮೊಸರಿನ ಗಡಿಗೆ ತೋರಿಸಿದಳು. ಕೊನೆಗೆ ಬುಟ್ಟಿಯ ತಳಕ್ಕೆ ಕೈಹಾಕಿ ಸವರಿ, "ಮತ್ತೇನೂ ಇಲ್ಲ ನೋಡವ್ವ," ಎಂದಳು. ಅವಳ ಕಣ್ಣು ತುಂಬಿತ್ತು.

ಇಬ್ಬರೂ ಬಸ್ಸು ಹತ್ತಿದರು. ರಸ್ತೆ ಕವಲೊಡೆಯುವ ಜಾಗ ಬಂದಾಗ ಕೆಂಪವ್ವ ಕಿಟಕಿಯ ಸರಳು ಹಿಡಿದು ನೋಡುತ್ತ ಕೂತಳು. ಬಸ್ಸು ನಿಪ್ಪಾಣಿಯ ಕಡೆಗೇ ಹೊರಳಿತು. ಆಗ ಅವಳು ತಾಯಿಯ ಮಡಿಲಿನಿಂದ ಬುತ್ತಿಯ ಬುಟ್ಟಿಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.