ಮೂಗಯ್ಯ ಕಾದ ಒಂಬತ್ತು ಸುಗ್ಗಿ

ಸಂಕ್ರಾಂತಿ ಕಳೆದಿತ್ತು. ರಾಗಿ, ಹುರುಳಿ ಎಲ್ಲ ಮನೆ ಸೇರಿ ಹೊಲಗಳು ಬರಿದಾಗಿದ್ದವು. ತೆರಕಣಾಂಬಿಯ ಆಚೆ, ಕಾಡಂಚಿನ ಆ ಹಳ್ಳಿಯಲ್ಲಿ ಇನ್ನು ಮಳೆ ಬೀಳುವ ತನಕ ಯಾರಿಗೂ ಕೂಲಿ ಇಲ್ಲ. ಈ ಹೊತ್ತಿಗೆ ಸರಿಯಾಗಿ ವಯನಾಡಿನ ಕಾಫಿ ತೋಟದ ಮೇಸ್ತ್ರಿ ಊರಿಗೆ ಬರುತ್ತಾನೆ. ಆ ವರ್ಷವೂ ಬಂದ. ಅರಳಿಕಟ್ಟೆಯಲ್ಲಿ ಕೂತು, "ಈ ಸೋಮವಾರ ಅಲ್ಲ, ಮುಂದಿನ ಸೋಮವಾರ ಲಾರಿ ಬತ್ತದೆ, ಬರೋರು ಗಂಟು ಕಟ್ಕೊಂಡು ರೆಡಿಯಾಗಿರಿ" ಎಂದು ಹೇಳಿ ಹೋದ.

ಸಣ್ಣತಾಯಮ್ಮನ ಗಂಡ ಮೂಗಯ್ಯ ಅವನಿಗೆ "ಹೂಂ" ಎಂದುಬಿಟ್ಟಿದ್ದ.

ಆ ಒಂದು "ಹೂಂ" ಕೇಳಿದಾಗಿನಿಂದ ಸಣ್ಣತಾಯಮ್ಮ ಲಾರಿಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ಅವಳ ಒಡಹುಟ್ಟಿದ ಅಣ್ಣ ಅದೇ ತೋಟಕ್ಕೆ ಹೋದವನು ಚಳಿಜ್ವರ ಹತ್ತಿಸಿಕೊಂಡು ಅಲ್ಲೇ ಮಣ್ಣಾದ. ಅವನ ಕಂಬಳಿ ಮಾತ್ರ ಊರಿಗೆ ವಾಪಸ್ಸು ಬಂತು. ಈಗ ಗಂಡ ಹೋದರೆ ತಾನೂ ಹೋಗಬೇಕು, ತಾನು ಹೋದರೆ ಮಗಳು ಸೋಮಿಯ ಇಸ್ಕೂಲು ಬಿಡಿಸಬೇಕು. ಸೋಮಿ ಆ ವರ್ಷ ಎರಡನೇ ಕ್ಲಾಸಿಗೆ ಬಂದು, ಮನೆಯ ಗೋಡೆಗೆಲ್ಲ ಇದ್ದಲಿನಲ್ಲಿ ಅಕ್ಷರ ಬರೆದು ಹಾಳು ಮಾಡಿದ್ದಳು. ತಾಯಿ ಆ ಗೋಡೆಗೆ ಸುಣ್ಣ ಬಳಿಯದೆ ಹಾಗೇ ಬಿಟ್ಟಿದ್ದಳು.

ಭಾನುವಾರ ಪುಟ್ಟಮಾದು ಬಂದ. ಸಣ್ಣತಾಯಮ್ಮನ ದೊಡ್ಡಪ್ಪನ ಮಗ ಅವನು. ಗುಂಡ್ಲುಪೇಟೆಯ ತಾಲೂಕು ಕಚೇರಿಯಲ್ಲಿ ಜವಾನ. ನಾಲ್ಕು ಜನರ ಅರ್ಜಿ ಹೊತ್ತು ಸಾಹೇಬರ ಮೇಜಿಗೆ ಮುಟ್ಟಿಸುವವನಾದ್ದರಿಂದ ಊರಿಗೆ ಬೇಕಾದ ಸುದ್ದಿಯೆಲ್ಲ ಅವನ ಹತ್ತಿರ ಇರುತ್ತಿತ್ತು. ಬೇಡದ್ದೂ ಇರುತ್ತಿತ್ತು ಅನ್ನಿ.

ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದು ಅವನು ಹೇಳಿದ: "ಬಾವ, ಗುಂಡ್ಲುಪೇಟೇಲಿ ಸೊಸೈಟಿಯೋರು ಹೊಸಾ ಗೋದಾಮು ಕಟ್ಟವ್ರೆ. ಬಿತ್ತನೆ ಬೀಜ, ಗೊಬ್ಬರ ಎಲ್ಲಾ ಅಲ್ಲೇ ಇಡದು. ಕಾಯಾಕೆ ಆಳು ಬೇಕಂತೆ. ತಿಂಗ್ಳು ಸಂಬ್ಳ. ಶುಕ್ರವಾರ ಹತ್ತು ಗಂಟೆಗೆ ಬಂದೋರ್ನ ನೋಡ್ತಾರೆ. ಓಗನ ಬಾ."

ಸಣ್ಣತಾಯಮ್ಮ ಒಳಗೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿದಳು.

ಮೂಗಯ್ಯ ಮಾತ್ರ ತಲೆ ಅಲ್ಲಾಡಿಸಿದ. "ಬುಡ್ಲಾ ಮಾದು. ಓದ್ವರ್ಸ ಅಕ್ಕಿ ಮಿಲ್‌ತಾವ್ಕೆ ಓಗಿದ್ನಲ್ಲ. 'ಮುಂಚೆ ಎಲ್ಲಿ ಕೆಲ್ಸ ಮಾಡಿದ್ದೆ?' ಅಂದ್ರು. 'ಎಲ್ಲೂ ಇಲ್ಲ ಸ್ವಾಮಿ' ಅಂದೆ. 'ಅನುಭವ ಇಲ್ದೋರು ಬ್ಯಾಡ, ಓಗು' ಅಂದ್ರು. ಮೊದ್ಲು ಕೆಲ್ಸ ಕೊಟ್ರೆ ತಾನೆ ಅನುಭವ ಬರದು? ಬಸ್‌ಸ್ಟ್ಯಾಂಡ್‌ತಾವು ಒಬ್ಬ ಅವ್ನಂತೆ. ನಾವು ಮಿಲಿಟ್ರೀಲಿ ಇದ್ದೋರು ಅಂತ ಕಾಗ್ದ ಮಾಡಿಸ್ಕೊಡ್ತನಂತೆ."

"ಅಯ್ಯೋ, ಅವ್ನ ದಿಕ್ಕಿಗೂ ತಲೆ ಹಾಕ್ಬ್ಯಾಡ! ಸುಳ್ಳು ಕಾಗ್ದ ತಕ್ಕೊಂಡು ಕಾವಲು ಕಾಯಾಕೆ ಓಗದಾ? ಕಳ್ಳನ್ನ ಹಿಡಿಯೋನೇ ಕಳ್ಳ ಆಗ್ಬುಟ್ರೆ ಹೆಂಗೆ?" ಎಂದ ಪುಟ್ಟಮಾದು.

ಸಣ್ಣತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ಮಾದಣ್ಣ, ಇವ್ರು ಒಂಬತ್ತು ಸುಗ್ಗಿಯಿಂದ ಅಟ್ಟಣೆ ಮ್ಯಾಲೆ ಕುಂತು ಇಡೀ ಊರ ಬೆಳೆ ಕಾದವ್ರಲ್ಲ, ಅದು ಯಾವ ಲೆಕ್ಕಕ್ಕೆ ಬತ್ತದೆ?"

"ಅದು ಕೆಲ್ಸವಾ?" ಎಂದು ಮೂಗಯ್ಯ ನಕ್ಕುಬಿಟ್ಟ. "ಕಂಬ್ಳಿ ಹೊದ್ಕೊಂಡು ಮ್ಯಾಲೆ ಕುಂತ್ಕಳದು!"

ನಕ್ಕದ್ದಕ್ಕೆ ಅವನೊಬ್ಬನನ್ನೇ ಬಯ್ದು ಪ್ರಯೋಜನವಿಲ್ಲ. ಆ ಊರಿನಲ್ಲಿ ಎಲ್ಲರಿಗೂ ಇದೇ ಬುದ್ಧಿ. ಉಳುವುದು ಕೆಲಸ, ಕೊಯ್ಯುವುದು ಕೆಲಸ, ಮಣ್ಣು ಹೊರುವುದು ಕೆಲಸ. ಬೆನ್ನು ಬಾಗದಿದ್ದರೆ ಅದನ್ನು ಕೆಲಸ ಎಂದು ಯಾರೂ ಅನ್ನುವುದಿಲ್ಲ. ಹಂದಿ ಬಂತೆ, ಆನೆ ಬಂತೆ, ಯಾವ ಮಗ್ಗುಲಿಂದ ಬಂತು, ಯಾರನ್ನು ಎಬ್ಬಿಸಬೇಕು, ಯಾವಾಗ ತಮಟೆ ಬಡಿಯಬೇಕು, ಯಾವಾಗ ಉಸಿರು ಬಿಗಿಹಿಡಿದು ಸುಮ್ಮನಿರಬೇಕು, ಇದೆಲ್ಲ ಬಲ್ಲವನನ್ನು "ಅವನಿಗೇನು, ಸುಮ್ಮನೆ ಕೂತಿರುತ್ತಾನೆ" ಅನ್ನುವ ಜನ ಅದು.

"ಬಾವ, ನಾ ಹೇಳದ ಕೇಳು," ಎಂದ ಪುಟ್ಟಮಾದು. "ಸಂಬ್ಳ ಕೊಟ್ರೆ ಮಾತ್ರ ಅನುಭವ ಅಂತ ಯಾರು ಹೇಳ್ದೋರು? ನೀ ಮಾಡಿರೋದ ಮಾಡಿರೋ ಹಂಗೇ ಹೇಳು. ಕಮ್ಮಿ ಮಾಡಿ ಹೇಳ್ಬ್ಯಾಡ, ಹೆಚ್ಚೂ ಮಾಡ್ಬ್ಯಾಡ. ಗೊತ್ತಿಲ್ದಿದ್ರೆ ಗೊತ್ತಿಲ್ಲ, ಕಲೀತೀನಿ ಅನ್ನು. ನಡತೆ ಒಳ್ಳೇದು ಅಂತ ಪಟೇಲ್ರ ಕೈಲಿ ಒಂದು ಕಾಗ್ದ ಬರಿಸ್ಕೊಂಡು ಬಾ. ಸಾಕು."

ಪಟೇಲರ ಹೆಸರು ಬಂದದ್ದೇ ತಡ, ಮೂಗಯ್ಯನ ಮುಖ ಸಣ್ಣದಾಯಿತು.

ಯಾಕೆಂದರೆ ಎರಡು ವರ್ಷದ ಹಿಂದೆ ಒಂದು ಸಂಗತಿ ನಡೆದಿತ್ತು. ಆ ಊರಿನಲ್ಲಿ ಒಂದು ಕಟ್ಟಳೆ ಇದೆ. ಅಟ್ಟಣೆಯ ಮೇಲೆ ಕಾವಲಿನವನು ಹತ್ತಿದ ಮೇಲೆ, ಹೊಲದ ಒಡೆಯನೇ ಆದರೂ ಬದುವಿನ ಹತ್ತಿರ ನಿಂತು ತನ್ನ ಹೆಸರು ಕೂಗಬೇಕು. ಮೇಲಿನಿಂದ "ಬಾ" ಎಂದ ಮೇಲೇ ಕಾಲಿಡಬೇಕು. ಕೂಗು ಹಾಕದವನಿಗೆ ಕವಣೆ ಕಲ್ಲು ಬಿದ್ದರೆ ಅದು ಅವನದೇ ತಪ್ಪು. ಒಂದು ಬೆಳಗಿನ ಜಾವ, ದಟ್ಟ ಮಂಜಿನಲ್ಲಿ, ಪಟೇಲ ದೊಡ್ಡಮಲ್ಲಪ್ಪನವರು ಕೂಗು ಹಾಕದೆ ತಮ್ಮ ಹೊಲಕ್ಕೆ ಬಂದರು. "ಯಾರದು, ನಿಂತ್ಕೊ!" ಎಂದ ಮೂಗಯ್ಯ. ಪಟೇಲರು ಕೆಮ್ಮಿದರು. ಆ ಕೆಮ್ಮು ಯಾರದೆಂದು ಊರಿಗೆಲ್ಲ ಗೊತ್ತು, ಮೂಗಯ್ಯನಿಗೂ ಗೊತ್ತಾಯಿತು. ಆದರೂ, "ಹೆಸರು ಹೇಳಿ ಬುದ್ಧಿ" ಎಂದ. ಪಟೇಲರು ಚಳಿಯಲ್ಲಿ ಬದುವಿನಲ್ಲೇ ನಿಂತರು. ಕೊನೆಗೆ ಹೆಸರು ಹೇಳಿದರು. ಆದರೆ ಹೊಲಕ್ಕೆ ಇಳಿಯದೆ ಮನೆಗೆ ವಾಪಸ್ಸು ಹೋದರು. ಅವತ್ತಿನಿಂದ ಮೂಗಯ್ಯನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ನಾ ಓಗಾಕಿಲ್ಲ," ಎಂದ ಮೂಗಯ್ಯ. "ಯಾವ್ ಮುಕ ಒತ್ಕೊಂಡು ಓಗ್ಲಿ?"

ಸಣ್ಣತಾಯಮ್ಮ ಮಾರನೆಯ ದಿನ ತಾನೇ ಹೋದಳು. ಪಟೇಲರು ಮನೆಯ ತೊಟ್ಟಿಯಂಗಳದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವಳು ಕಂಬದ ಹತ್ತಿರ ನಿಂತು ಎಲ್ಲವನ್ನೂ ಹೇಳಿದಳು. ಲಾರಿ ಬರುವುದನ್ನು, ಅಣ್ಣ ಸತ್ತದ್ದನ್ನು, ಸೋಮಿಯ ಇಸ್ಕೂಲನ್ನು. ಹೇಳುತ್ತಾ ಹೇಳುತ್ತಾ ಅಳು ಬಂತು, ಅವಳೇನೂ ಮುಚ್ಚಿಡಲಿಲ್ಲ.

ಪಟೇಲರು ಕೇಳಿದ್ದು ಒಂದೇ: "ಅವನ್ಯಾಕೆ ಬರ್ಲಿಲ್ಲ?"

"ಅಂಜ್ಕೊಂಡವ್ರೆ ಬುದ್ಧಿ."

ಪಟೇಲರು ಕಾಗದ ತರಿಸಿದರು. ಬಹಳ ಹೊತ್ತು ಬರೆದರು. ಮಡಿಸಿ, ಅಂಟು ಹಚ್ಚಿ, ಅವಳ ಕೈಗೆ ಕೊಟ್ಟು, "ಇದ ಸೊಸೈಟಿಯೋರೇ ಒಡೀಬೇಕು. ಅವನಿಗೆ ಹೇಳು, ಆ ದಿನವ ನಾನು ಮರ್ತಿಲ್ಲ ಅಂತ," ಎಂದರು.

ಹಗೆ ಇನ್ನೂ ಆರಿಲ್ಲ ಎಂದುಕೊಂಡಳು ಅವಳು. ಮನೆಗೆ ಬಂದು ಗಂಡನಿಗೆ ಕಾಗದ ಕೊಟ್ಟಳು, ಮಾತನ್ನು ಮಾತ್ರ ಹೇಳಲಿಲ್ಲ. ನಾಲ್ಕು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಗುರುವಾರ ಸಾಯಂಕಾಲ ಅವಳು ಮೂಗಯ್ಯನ ಒಂದೇ ಒಂದು ಬಿಳಿ ಅಂಗಿಯನ್ನು ಒಗೆದು, ಚೊಂಬಿಗೆ ಕೆಂಡ ತುಂಬಿ ಉಜ್ಜಿ ಇಸ್ತ್ರಿ ಮಾಡಿದಳು. ಆಮೇಲೆ ರಾಗಿ ಕಲ್ಲಿನ ಮೇಲೆ ಸಾಹೇಬರ ಹಾಗೆ ಕೂತು ಗಂಟಲು ದಪ್ಪ ಮಾಡಿದಳು.

"ಏನಯ್ಯಾ, ಮುಂಚೆ ಏನ್ ಮಾಡ್ತಿದ್ದೆ?"

"ಏನೂ ಇಲ್ಲ..." ಎಂದ ಮೂಗಯ್ಯ ಅಭ್ಯಾಸಬಲದಿಂದ.

"ಮತ್ತೆ ಹೇಳು!" ಎಂದು ಗದರಿದರು ಸಾಹೇಬರು.

"ಒಂಬತ್ತು ಸುಗ್ಗಿ ಊರ ಬೆಳೆ ಕಾದಿವ್ನಿ, ಸ್ವಾಮಿ."

ನಾಲ್ಕು ಸಲ ಹೇಳಿಸಿದಳು. ನಾಲ್ಕನೇ ಸಲ ಅವನ ದನಿ ನೆಟ್ಟಗಾಯಿತು. ಮದುವೆಯಾಗಿ ಹತ್ತು ವರ್ಷವಾದರೂ ಗಂಡ ಅಷ್ಟು ನೆಟ್ಟಗೆ ನಿಂತದ್ದನ್ನು ಅವಳು ನೋಡಿರಲಿಲ್ಲ. ಅವಳಿಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಶುಕ್ರವಾರ ಇಬ್ಬರೂ ತೆರಕಣಾಂಬಿಗೆ ನಡೆದು, ಮೊದಲನೇ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಬಂದರು. ಪುಟ್ಟಮಾದು ಸೊಸೈಟಿಯ ಬಾಗಿಲ ತನಕ ಬಂದು ಬಿಟ್ಟುಹೋದ. ಸಣ್ಣತಾಯಮ್ಮ ಕಿಟಕಿಯ ಕೆಳಗೆ ಕೂತಳು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

ಮೂಗಯ್ಯನಿಗಿಂತ ಮುಂಚೆ ಖಾಕಿ ಅಂಗಿಯವನೊಬ್ಬ ಹೋದ. ಮಿಲಿಟರಿ ಕಾಗದ ಕೊಟ್ಟ. "ಯಾವ ಪಲ್ಟನ್ನು?" ಎಂದು ಸೊಸೈಟಿಯ ಕಾರ್ಯದರ್ಶಿ ಕೇಳಿದರು. ಅವನು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದ, ಮೂಗಯ್ಯ ಒಳಗೆ ಹೋದ.

"ನೀನು? ಮುಂಚೆ ಏನು ಮಾಡುತ್ತಿದ್ದೆ?"

ಸಣ್ಣತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಒಂಬತ್ತು ಸುಗ್ಗಿ ಊರ ಬೆಳೆ ಕಾದಿವ್ನಿ, ಸ್ವಾಮಿ. ಗೋದಾಮು ಕಾದಿಲ್ಲ. ಕಲ್ತುಕೊತೀನಿ."

"ಓದು ಬರಹ?"

"ಇಲ್ಲ ಸ್ವಾಮಿ. ಮಗ್ಳು ಕಲೀತಾವ್ಳೆ."

ಕಾರ್ಯದರ್ಶಿ ಪಟೇಲರ ಕಾಗದ ಒಡೆದರು. ಹೊರಗೆ ಇವಳಿಗೆ ಪಟೇಲರ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕೆಟ್ಟದ್ದೇ ಬರೆದಿದ್ದಾರೆ, ತನ್ನ ಕೈಯಾರೆ ತಂದುಕೊಟ್ಟೆನಲ್ಲಾ ಎಂದುಕೊಂಡಳು. ಅಷ್ಟರಲ್ಲಿ ಕಾರ್ಯದರ್ಶಿ ಪಕ್ಕದ ಗುಮಾಸ್ತರಿಗೆ ಕೇಳುವಂತೆ ಓದಿದರು:

"ಈ ಮೂಗಯ್ಯನು ಒಮ್ಮೆ ನನ್ನನ್ನು ನನ್ನ ಹೊಲದ ಬದುವಿನಲ್ಲೇ ನಿಲ್ಲಿಸಿದನು. ನಾನು ಪಟೇಲನೆಂದು ತಿಳಿದ ಮೇಲೂ ಹೆಸರು ಹೇಳುವ ತನಕ ಬಿಡಲಿಲ್ಲ. ಕಟ್ಟಳೆ ಮುರಿದವನು ನಾನು. ಕೋಪದಿಂದ ವಾಪಸ್ಸು ಹೋದೆ, ಆಮೇಲೆ ನಾಚಿಕೆಯಿಂದ ಮಾತು ಬಿಟ್ಟೆ. ಇವನು ಅಟ್ಟಣೆಯ ಮೇಲಿದ್ದ ಒಂಬತ್ತು ವರ್ಷ ನಮ್ಮ ಊರು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಇವನನ್ನು ಕಳಿಸುವುದು ನಮಗೆ ನಷ್ಟ. ಆದರೂ ನಿಜ ಬರೆಯದೆ ಇರಲಾರೆ."

ಕಾರ್ಯದರ್ಶಿ ಕನ್ನಡಕ ತೆಗೆದರು. "ಅಲ್ಲಯ್ಯಾ, ನಾಳೆ ನಾನೇ ಚೀಟಿ ಇಲ್ಲದೆ ಬಂದು ಮೂಟೆ ಹೊರಿಸು ಅಂದರೆ?"

"ನಿಮ್ನೂ ನಿಲ್ಲಿಸ್ತೀನಿ, ಸ್ವಾಮಿ," ಎಂದ ಮೂಗಯ್ಯ. ಅಂದ ಮೇಲೆ ಗಾಬರಿಯಾಗಿ ಕೈ ಮುಗಿದ.

ಕಾರ್ಯದರ್ಶಿ ಜೋರಾಗಿ ನಕ್ಕರು. "ಸೋಮವಾರದಿಂದ ಬಾ. ಆದರೆ ಒಂದು ಮಾತು. ಮೂರು ತಿಂಗಳಲ್ಲಿ ರುಜು ಹಾಕಲು, ಚೀಟಿ ಓದಲು ಕಲಿಯಬೇಕು. ಇಲ್ಲೇ ದೊಡ್ಡವರ ಶಾಲೆ ಇದೆ."

ಕಿಟಕಿಯ ಕೆಳಗೆ ಸಣ್ಣತಾಯಮ್ಮ ಈ ಸಲ ಸಂತೋಷಕ್ಕೆ ಅತ್ತಳು.

ಸೋಮವಾರ ಮೇಸ್ತ್ರಿಯ ಲಾರಿ ಇವರಿಲ್ಲದೆ ಹೋಯಿತು. ಅವಳು ಸೋಮಿಯನ್ನು ಇಸ್ಕೂಲಿಗೆ ಬಿಟ್ಟು, ಬುತ್ತಿ ಕಟ್ಟಿಕೊಂಡು ಗುಂಡ್ಲುಪೇಟೆಗೆ ಬಂದಳು. ಗೋದಾಮಿನ ಗೇಟು ಮುಚ್ಚಿತ್ತು. ತಗಡಿಗೆ ಬಡಿದಳು.

"ಯಾರದು?" ಎಂದು ಒಳಗಿನಿಂದ ಗಂಡನ ದನಿ.

ಅವಳಿಗೆ ನಗು ತಡೆಯಲಿಲ್ಲ. ಬಳೆ ಸದ್ದಿಗೇ ಅವನಿಗೆ ಗೊತ್ತಾಗಿದೆ, ಅವಳಿಗೂ ಅದು ಗೊತ್ತು. ಆದರೂ ನೆಟ್ಟಗೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಸಣ್ಣತಾಯಮ್ಮ! ಬುತ್ತಿ ತಂದಿವ್ನಿ!"

"ಬಾ," ಎಂದ ಮೂಗಯ್ಯ.

ಅಣ್ಣಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮೂಗಯ್ಯ ಇರಬಹುದು. ಹೊಲ ಕಾದವನು, ಕಣ ಕಾದವನು, ಕೆರೆಯ ತೂಬು ನೋಡಿಕೊಂಡವನು. ಅವನಿಗೆ ಸಂಬಳ ಬಂದಿಲ್ಲದಿರಬಹುದು, ಕೆಲಸ ಮಾಡಿಲ್ಲ ಎಂದು ಮಾತ್ರ ಹೇಳಬೇಡಿ, ಅವನ ಬಾಯಲ್ಲೂ ಹೇಳಿಸಬೇಡಿ. ಸುಳ್ಳು ಕಾಗದ ಮಾರುವವನ ಹತ್ತಿರ ಹೋಗದೆ, ನಿಮ್ಮನ್ನು ಬಲ್ಲವರ ಹತ್ತಿರ ಹೋಗಿ. ಅವರು ಮುನಿಸಿಕೊಂಡಿದ್ದರೂ ಹೋಗಿ ಕೇಳಿ. ನಾಲ್ಕು ಅಕ್ಷರ ಕಲಿಯಲು ವಯಸ್ಸಾಯಿತು ಅನ್ನಬೇಡಿ. ಮತ್ತೆ ಮೇಜಿನ ಆಚೆ ಕೂತವರು "ಯಾರು ನೀನು?" ಎಂದು ಕೇಳಿದಾಗ, ತಲೆ ತಗ್ಗಿಸಬೇಡಿ. ಬದುವಿನ ಮೇಲೆ ನಿಂತವರ ಹಾಗೆ ನಿಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿ.