ಎರಡನೇ ಹಾರ್ನು

ನಮ್ಮ ಭಾವನವರ ಬಾಯಿಂದ ‘ಕೆಟ್ಟುಹೋಗಿದೆ’ ಎಂಬ ಮಾತನ್ನು ನಾನು ಒಂದು ಸಲವೂ ಕೇಳಿದವನಲ್ಲ. ಗಡಿಯಾರ ನಿಂತರೆ, ಕೊಡೆಯ ಕಡ್ಡಿ ಮುರಿದರೆ, ರೇಡಿಯೋ ಗೊರಗುಟ್ಟತೊಡಗಿದರೆ ಅವರು ಅದನ್ನು ಕೈಯಲ್ಲೆತ್ತಿಕೊಂಡು, ಕಣ್ಣು ಕಿರಿದು ಮಾಡಿ ನೋಡಿ, ಮಕ್ಕಳ ಪರ ವಹಿಸಿ ಮಾತಾಡುವ ಹಿರಿಯರ ಧಾಟಿಯಲ್ಲಿ, “ಸ್ವಲ್ಪ ಮುನಿಸ್ಕೊಂಡಿದೆ, ಅಷ್ಟೆ” ಎನ್ನುತ್ತಿದ್ದರು. ಮುನಿಸಿಕೊಂಡದ್ದನ್ನು ಎಸೆಯುವ ಪ್ರಶ್ನೆಯೇ ಇಲ್ಲ, ರಮಿಸಬೇಕು. ತಂತಿಯಿಂದ, ಅಂಟಿನಿಂದ, ಹಳೆಯ ಸೈಕಲ್ ಟ್ಯೂಬಿನ ಚೂರಿನಿಂದ ಅವರು ವಸ್ತುಗಳನ್ನು ರಮಿಸುತ್ತಿದ್ದ ಪರಿಯನ್ನು ನೋಡಿ ನನ್ನಕ್ಕ, ಆ ತಾಳ್ಮೆಯಲ್ಲಿ ಕಾಲುಪಾಲು ತನ್ನ ಪಾಲಿಗೂ ಬಂದಿದ್ದರೆ ಸಾಕಿತ್ತೆಂದು ನಗುತ್ತ ಹೇಳುವುದಿತ್ತು. ನಾವೆಲ್ಲ ಅದನ್ನು ತಮಾಷೆಯೆಂದೇ ತಿಳಿದಿದ್ದೆವು.

ವೃತ್ತಿಯಿಂದ ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಮೊಣಕೈಗಳಿಗೆ ತೇಪೆ ಹಾಕಿದ ಕಂದುಬಣ್ಣದ ಕೋಟು, ಕಿವಿಯ ಸಂದಿಯಲ್ಲೊಂದು ಕೆಂಪು ಪೆನ್ಸಿಲು, ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳಲ್ಲಿ ಕಾಗುಣಿತದ ತಪ್ಪು ಹುಡುಕುತ್ತ, ಸಿಕ್ಕಿದಲ್ಲಿ ನಿಂತು ‘ಛೆ’ ಎಂದು ಮುಂದುವರಿಯುವ ತಡವರಿಕೆಯ ನಡಿಗೆ. ತಿದ್ದುವ ಚಿಹ್ನೆಗಳಲ್ಲೆಲ್ಲ ಅವರಿಗೆ ಅತಿಪ್ರಿಯವಾದದ್ದು ಹಂಸಪಾದ. ಸಾಲಿನಲ್ಲಿ ಮಾತೊಂದು ಬಿಟ್ಟುಹೋದ ಜಾಗದ ಕೆಳಗೆ ಹಕ್ಕಿಯ ಹೆಜ್ಜೆಯಂತೆ ಹಾಕುವ ಪುಟ್ಟ ಗುರುತು ಅದು. “ತಪ್ಪಾಗಿ ಬಿದ್ದಿರೋ ಅಕ್ಷರ ತಾನಾಗೇ ಕಣ್ಣಿಗೆ ಚುಚ್ಚುತ್ತೆ. ಬಿಟ್ಟುಹೋಗಿರೋದನ್ನ ಹಿಡಿಯೋದೇ ನಿಜವಾದ ಕೆಲಸ” ಎಂದು ಅವರು ನನಗೆ ಹೇಳಿದ್ದುಂಟು.

ಇಂಥ ಮನುಷ್ಯ ತನ್ನ ಪ್ರಾಯಕಾಲದಲ್ಲಿ ಕೊಂಡ ಪೆಟ್ರೋಲ್ ಕಾರನ್ನು ತಲೆ ನರೆತ ಮೇಲೂ ಓಡಿಸುತ್ತಿದ್ದರೆಂದರೆ ಆಶ್ಚರ್ಯವೇನು? ಅದರ ಬಣ್ಣ ಯಾವುದೆಂಬ ವಿಷಯದಲ್ಲಿ ಮನೆಯವರಲ್ಲೇ ಒಮ್ಮತವಿರಲಿಲ್ಲ. ಎಡಬದಿಯ ಬಾಗಿಲಿನ ಒಳಹಿಡಿ ಎಂದೋ ಕಿತ್ತುಬಂದಿತ್ತಾದ್ದರಿಂದ ಅಕ್ಕ ಇಳಿಯಬೇಕಾದರೆ ಭಾವನವರೇ ಸುತ್ತಿ ಬಂದು ಹೊರಗಿನಿಂದ ತೆರೆಯಬೇಕು. ಕಂಡವರು, ಈ ವಯಸ್ಸಿನಲ್ಲೂ ಹೆಂಡತಿಯ ಮೇಲೆ ಎಷ್ಟು ಅಕ್ಕರೆ ನೋಡಿ ಎಂದುಕೊಳ್ಳುತ್ತಿದ್ದರು. ಭಾವ ಆ ಮೆಚ್ಚುಗೆಯನ್ನು ಬೇಡವೆನ್ನದೆ ಸ್ವೀಕರಿಸುತ್ತಿದ್ದರು. ಸೈಲೆನ್ಸರಿನ ಕೊಳವೆ ತೂತಾದಾಗ ಗ್ಯಾರೇಜಿನವನು ಹೊಸದು ಹಾಕಬೇಕೆಂದ. ಇವರು ಎಣ್ಣೆಯ ಡಬ್ಬದ ತಗಡನ್ನು ಕತ್ತರಿಸಿ ತೂತಿನ ಸುತ್ತ ಸುತ್ತಿ, ತಂತಿ ಬಿಗಿದು, ಅದನ್ನು ತೋರಿಸಲು ನನ್ನನ್ನು ಕಾರಿನ ಕೆಳಗೇ ಮಲಗಿಸಿದರು.

ಅಂದಿನಿಂದ ಕಾರಿನೊಳಗೊಂದು ವಾಸನೆ. ಭಾವನವರಿಗೆ ಅದು ‘ನಮ್ಮ ಗಾಡಿಯ ವಾಸನೆ’. ಅಕ್ಕನಿಗೆ ಕೆಮ್ಮು. ಚಳಿಯಿರಲಿ ಬಿಸಿಲಿರಲಿ ಅವಳು ಗಾಜಿಳಿಸಿ, ಸೆರಗನ್ನು ಮೂಗಿಗೊತ್ತಿ ಕೂರುತ್ತಿದ್ದಳು. ತಿರುವುಗಳಲ್ಲಿ, ಏರಿನಲ್ಲಿ ಕೆಮ್ಮು ಒತ್ತರಿಸಿ ಬರುತ್ತಿತ್ತು. ಹಳೆಯ ನೆಗಡಿ, ಧೂಳು, ಅವಳ ತವರಿನವರೇ ಅಷ್ಟು, ಹೀಗೆ ಭಾವ ಒಂದಲ್ಲ ಒಂದು ಕಾರಣ ಹೇಳುತ್ತಿದ್ದರು. ಕಡೆಗೆ ಅದಕ್ಕೊಂದು ಹೆಸರನ್ನೂ ಇಟ್ಟರು: ‘ನಮ್ಮ ಗಾಡಿಯ ಎರಡನೇ ಹಾರ್ನು’. ಅಕ್ಕ ಕೆಮ್ಮಿದೊಡನೆ, “ನೋಡಿ, ದಾರಿ ಬಿಡಿ ಅಂತಿದಾಳೆ” ಎನ್ನುವರು. ಹಿಂದಿನ ಸೀಟಿನಲ್ಲಿ ಕೂತ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕೆಮ್ಮು ನಿಂತ ಮೇಲೆ ಅಕ್ಕನೂ ನಗುತ್ತಿದ್ದಳು, ಪಾಪ.

ಅವರ ಮಗಳು ಎಲೆಕ್ಟ್ರಿಕ್ ಕಾರು ಕೊಂಡ ದಿನದಿಂದ ಮನೆಯಲ್ಲಿ ವಾಗ್ಯುದ್ಧ ಶುರುವಾಯಿತು. ಭಾವನವರ ವಾದಕ್ಕೆ ತಲೆ ಬುಡ ಎರಡೂ ಇದ್ದವು. ಹೊಸ ಕಾರು ಹುಟ್ಟುವಾಗಲೇ ಹೊಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಬ್ಯಾಟರಿಗೆಂದು ಎಲ್ಲೋ ನೆಲ ಅಗೆಯುತ್ತಾರೆ, ಅದರ ಹೊಟ್ಟೆ ತುಂಬಿಸುವ ಕರೆಂಟಿಗೆ ಇನ್ನೆಲ್ಲೋ ಕಲ್ಲಿದ್ದಲು ಸುಡುತ್ತಾರೆ. ಓಡುತ್ತಿರುವ ಕಾರನ್ನು ಮೂಲೆಗೆ ತಳ್ಳಿ ಹೊಸದು ಕೊಳ್ಳುವುದನ್ನು ಪುಣ್ಯಕಾರ್ಯವೆನ್ನುವುದು ಅಂಗಡಿಯವರ ಜಾಣತನ. ಮಗಳೂ ಸುಮ್ಮನಿರುವವಳಲ್ಲ: ಹುಟ್ಟಿದಾಗಿನ ಹೊಗೆ ಕೆಲವು ವರ್ಷ ಓಡಿದರೆ ಸರಿದೂಗುತ್ತದೆ, ಕರೆಂಟು ಬರಬರುತ್ತ ಶುದ್ಧವಾಗಬಹುದು, ನಿಮ್ಮ ಗಾಡಿ ಮಾತ್ರ ಓಡಿದಷ್ಟು ದಿನವೂ ಉಗುಳುತ್ತಲೇ ಇರುತ್ತದೆ ಎನ್ನುತ್ತಿದ್ದಳು. ಭಾವ ಸೋಲುವುದಿಲ್ಲ, ಮಗಳು ಬಿಡುವುದಿಲ್ಲ. ಅವಳ ಕಾರಿಗೆ ಕಾಲಿಡುವುದಿಲ್ಲವೆಂದು ಭಾವ ಹಟ ಹಿಡಿದರು; ತಮ್ಮ ಹೆಂಡತಿಯೂ ಇಡುವುದಿಲ್ಲವೆಂದು ಅವಳ ಪರವಾಗಿ ತಾವೇ ಘೋಷಿಸಿದರು. ಅಕ್ಕನನ್ನು ಯಾರೂ ಕೇಳಲಿಲ್ಲ.

ಇದೇ ವಿಷಯದ ಮೇಲೆ ಮಾತಾಡಲು ಊರಿನ ವಾಚನಾಲಯದವರು ಅವರನ್ನು ಕರೆದರು. ಭಾವ ಭಾಷಣವನ್ನು ಬರೆದು, ತಾವೇ ತಿದ್ದಿ, ತಿದ್ದಿದ್ದನ್ನು ಮತ್ತೆ ತಿದ್ದಿ ಕೋಟಿನ ಜೇಬಿಗಿಳಿಸಿದರು. ಆ ಸಂಜೆ, ಅಕ್ಕನೂ ನಾನೂ ಹತ್ತಿ ಕೂತ ಮೇಲೆ, ಹಳೆಯ ಕಾರು ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ. ಭಾವ ಬಾನೆಟ್ ಎತ್ತಿ ರಮಿಸಿದರು, ಬೇಡಿಕೊಂಡರು, ಕೊನೆಗೆ ಬೈದರು. ಹೊತ್ತು ಮೀರುತ್ತಿತ್ತು. ಆಗ ಮಗಳು ತನ್ನ ಕಾರನ್ನು ಮೆಲ್ಲನೆ ತಂದು ಪಕ್ಕದಲ್ಲಿ ನಿಲ್ಲಿಸಿದಳು. ಎಲೆಕ್ಟ್ರಿಕ್ ಕಾರಿನ ವಿರುದ್ಧ ಭಾಷಣ ಮಾಡಲು ಎಲೆಕ್ಟ್ರಿಕ್ ಕಾರಿನಲ್ಲೇ ಹೊರಟ ಭಾವ ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಮುದುಡಿ ಕೂತರು, ಪರಿಚಯದವರು ಕಂಡಾಗಲೆಲ್ಲ ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು.

ಮಾರ್ಕೆಟ್ಟಿನ ತಿರುವು ದಾಟಿತು, ಸೇತುವೆಯ ಏರು ಬಂತು, ಇಳಿಜಾರೂ ಮುಗಿಯಿತು. ಕಾರಿನೊಳಗೆ ಏನೋ ಕಡಿಮೆಯಾಗಿದೆ ಎನ್ನಿಸುತ್ತಿತ್ತು. ಏನೆಂದು ನನಗೆ ಹೊಳೆಯಲಿಲ್ಲ. ಅಕ್ಕನ ಸೆರಗು ಮೂಗಿನ ಮೇಲಿರಲಿಲ್ಲ, ಮಡಿಲಲ್ಲಿತ್ತು. ಅವಳು ಹೊರಗೆ ನೋಡುತ್ತ, ತನಗೇ ಸೋಜಿಗವಾದವಳಂತೆ, ಮೆಲ್ಲನೆ ಅಂದಳು:

“ಏನ್ರೀ, ನಿಮ್ಮ ಎರಡನೇ ಹಾರ್ನು ಇವತ್ತು ಮುನಿಸ್ಕೊಂಡಿದೆ.”

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಗಂಡನದೇ ನಗೆಮಾತನ್ನು, ಗಂಡನದೇ ಶೈಲಿಯಲ್ಲಿ, ಅವರನ್ನು ಒಂದಿಷ್ಟು ಗೆಲುವು ಮಾಡಲೆಂದು ಆಡಿದಳು. ನಾನು ಅಭ್ಯಾಸಬಲದಿಂದ ನಗಲು ಹೊರಟು, ಭಾವನವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವರ ಕಿವಿಗಳು ಕೆಂಪಡರಿದ್ದವು. ಅವರು ಬಾಗಿಲಿನ ಒಳಹಿಡಿಯನ್ನೇ ದಿಟ್ಟಿಸುತ್ತಿದ್ದರು. ಅಕ್ಕನ ಕೈ ಅದರ ಮೇಲೆ ಹಗುರಾಗಿ ಕೂತಿತ್ತು. ವಾಚನಾಲಯ ಬಂದಾಗ ಅವಳು ತಾನೇ ಬಾಗಿಲು ತೆರೆದುಕೊಂಡು ಇಳಿದಳು.

ವೇದಿಕೆಯ ಮೇಲೆ ಭಾವ ಚೆನ್ನಾಗಿಯೇ ಆರಂಭಿಸಿದರು. ಗಣಿ, ಬ್ಯಾಟರಿ, ಕಲ್ಲಿದ್ದಲು ಎಲ್ಲವೂ ಕ್ರಮವಾಗಿ ಬಂದವು, ಜನ ತಲೆದೂಗಿದರು. ಮನೆಯಲ್ಲಿ ನೂರು ಸಲ ಕೇಳಿ ನನಗೆ ಬಾಯಿಪಾಠವಾಗಿದ್ದ ವಾಕ್ಯವೊಂದಿತ್ತು: ‘ಇಷ್ಟು ವರ್ಷ ದುಡಿದ ನನ್ನ ಗಾಡಿ ಯಾರ ಉಸಿರಿಗೂ ಭಾರವಾಗಲಿಲ್ಲ.’ ಅಲ್ಲಿಗೆ ಬಂದರು, ‘ಯಾರ’ ಎಂದರು, ನಿಂತರು. ಕಿವಿಯ ಸಂದಿಯ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದರು. ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕನ ಕಡೆ ಕಣ್ಣೆತ್ತಲೂ ಅವರಿಗಾಗಲಿಲ್ಲ.

“ಇಲ್ಲೊಂದು ಹಂಸಪಾದ ಬೇಕು” ಎಂದರು. “ಒಬ್ಬರು ಬಿಟ್ಟುಹೋಗಿದಾರೆ.”

ಹಾಳೆ ಮಡಚಿಕೊಂಡು ಕೆಳಗಿಳಿದರು. ಅಧ್ಯಕ್ಷರು, ಮಾನ್ಯರಿಗೆ ಗಂಟಲು ಒಣಗಿರಬೇಕು, ನೀರು ಕೊಡಿ ಎಂದರು. ಅಕ್ಕ ತಲೆ ತಗ್ಗಿಸಿ ಸೆರಗಿನ ಅಂಚನ್ನು ತೀಡುತ್ತ ಕೂತಿದ್ದಳು; ಕರಡು ತಿದ್ದುವವರ ಹೆಂಡತಿಗೆ ಹಂಸಪಾದವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಭಾವ ತಗಡು ಬಿಚ್ಚಿಸಿ ಹೊಸ ಕೊಳವೆ ಹಾಕಿಸಿದರು, ಎಡಬಾಗಿಲಿಗೆ ಒಳಹಿಡಿ ಹಾಕಿಸಿದರು. ಕಾರನ್ನು ಮಾರಿಬಿಡಿ ಎಂದೆ. ಮಾರಿದರೆ ಆ ಸೀಟಿನಲ್ಲಿ ಇನ್ನೊಬ್ಬರ ಮನೆಯಾಕೆ ಕೂರುತ್ತಾಳೆ ಎಂದರು. ಯಾವ ಕಾರು ಭೂಮಿಗೆ ಹಿತವೆಂಬ ಪ್ರಶ್ನೆಯಲ್ಲಿ ಅವರಿನ್ನೂ ಮಗಳಿಗೆ ಸೋತಿಲ್ಲ. ಆದರೆ ವಾದವನ್ನು ಮಾತ್ರ ಮತ್ತೆಂದೂ ಎತ್ತಿಲ್ಲ. ಅಕ್ಕನ ಕೆಮ್ಮು ಕಡಿಮೆಯಾಯಿತು, ಪೂರಾ ಹೋಗಲಿಲ್ಲ. ಈಗ ಅವಳು ಕೆಮ್ಮಿದರೆ ಯಾರೂ ನಗುವುದಿಲ್ಲ. ಭಾವ ಕಾರು ನಿಲ್ಲಿಸಿ ಹಳೆಯ ರೂಢಿಯಂತೆ ಸುತ್ತಿ ಬರುತ್ತಾರೆ, ಅಷ್ಟರಲ್ಲಿ ಅಕ್ಕ ಇಳಿದು ನಿಂತಿರುತ್ತಾಳೆ.

ಲೋಕಕ್ಕೆ ಇಂಥವರು ಬೇಕು. ಭೂಮಂಡಲದ ಹೊಗೆಯನ್ನೆಲ್ಲ ತಮ್ಮದೇ ಎಂಬಂತೆ ಎಣಿಸುವವರು, ಏನನ್ನೂ ಎಸೆಯದವರು, ಬೇರೆಯವರ ಸಾಲುಗಳಲ್ಲಿ ಬಿಟ್ಟುಹೋದದ್ದನ್ನೆಲ್ಲ ಹುಡುಕಿ ಕೊಡುವವರು. ಅವರ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಆ ಲೆಕ್ಕವನ್ನು ಅವರು ಸ್ಟಿಯರಿಂಗ್ ಹಿಡಿದು, ಮುಂದಕ್ಕೆ ನೋಡುತ್ತ ಹಾಕಿರುತ್ತಾರೆ. ಪಕ್ಕದಲ್ಲಿ ಕೂತವರು, ಅವರ ಮಾತು ಮುಗಿಯಲೆಂದು, ಕೆಮ್ಮನ್ನು ತಡೆದುಕೊಂಡಿರುತ್ತಾರೆ.